ಮಧುಸೂದನ ಮಾಸ್ತರರ ಕಲಾದೃಷ್ಟಿ

"ಇನ್ನ ಮುಂದ ಈ ಮನ್ಯಾಗ ನಗೆಪಾಟಲಾಗೋ ಮನುಷ್ಯ ಒಬ್ಬನ. ಅವ ನಾನು!"

ಇಳಕಲ್ಲಿನ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕರಾದ ಮಧುಸೂದನ ಮಾಸ್ತರರು ಹೀಗೊಂದು ಘೋಷಣೆ ಹೊರಡಿಸಿದಾಗ, ಅವರ ಹೆಂಡತಿ ಪದ್ಮಜಾಬಾಯಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಸಾಸಿವೆ ಸಿಡಿಯಿತು. ಪದ್ಮಜಾಬಾಯಿ ಸಿಡಿಯಲಿಲ್ಲ.

"ಇಷ್ಟು ದಿನ ಮತ್ತ್ಯಾರಿದ್ರು?" ಎಂದಷ್ಟೇ ಕೇಳಿದರು.

ಮಾಸ್ತರರಿಗೆ ಅದು ಕೇಳಿಸಲಿಲ್ಲ. ಅವರ ಕೈಯಲ್ಲಿ ಬಾಗಲಕೋಟೆಯ ಕಲಾಸಂಘವೊಂದರ ಆಮಂತ್ರಣವಿತ್ತು. ರವಿವಾರ ಮಧ್ಯಾಹ್ನ ಉಪನ್ಯಾಸ. ವಿಷಯ, "ಸಿನಿಮಾ, ಸಾಹಿತ್ಯ ಮತ್ತು ಚಿತ್ರಕಲೆಯಲ್ಲಿ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಕಲೆ". ಅದೇ ವೇದಿಕೆಯಲ್ಲಿ ಮಾಸ್ತರರು ತಾವೇ ಬರೆದ ತಮ್ಮ ವ್ಯಂಗ್ಯಚಿತ್ರವನ್ನೂ ಅನಾವರಣ ಮಾಡುವುದೆಂದು ಮಾತಾಗಿತ್ತು. ಆಮಂತ್ರಣದಲ್ಲಿ ಅವರ ಹೆಸರಿನ ಹಿಂದೆ "ಹೊಸ ದೃಷ್ಟಿಯ ಕಲಾವಿದ" ಎಂದು ಬೇರೆ ಅಚ್ಚಾಗಿತ್ತು! ವರ್ಷಗಟ್ಟಲೆ ಸ್ಟಾಫ್ ರೂಮಿನಲ್ಲಿ ಕೂತು ಕಂಡವರ ಬೊಕ್ಕತಲೆ, ಬೊಜ್ಜು, ಇಂಗ್ಲಿಷುಗಳನ್ನು ಆಡಿಕೊಂಡು ಬಂದ ನಾಲಿಗೆ ಅದು. ಈಗ ದಿಕ್ಕು ಬದಲಿಸಿ ಒಡೆಯನನ್ನೇ ಕಚ್ಚಲಿತ್ತು.

"ದೊಡ್ಡ ಮನುಷ್ಯ ಅಂದ್ರ ಯಾರು? ತನ್ನನ್ನ ತಾ ನಗೋ ಎದಿ ಇದ್ದಾಂವ. ರವಿವಾರ ಬರ್ರಿ, ತೋರಸ್ತೇನಿ!" ಎಂದು ಊರೆಲ್ಲ ಡಂಗುರ ಸಾರಿ ಬಂದಿದ್ದರು.

ತಯಾರಿ ಜೋರಾಗಿ ನಡೆಯಿತು. ಹಳೆಯ ಹಾಸ್ಯ ಸಿನಿಮಾಗಳನ್ನೆಲ್ಲ ಹುಬ್ಬು ಗಂಟಿಕ್ಕಿಕೊಂಡು ನೋಡಿದರು. ಟೀವಿಯಲ್ಲಿ ಬಡಪಾಯಿ ನಟನೊಬ್ಬ ಸಗಣಿಯಲ್ಲಿ ಜಾರಿ ಬಿದ್ದು, ತನ್ನ ಹಣೆಬರಹಕ್ಕೆ ತಾನೇ ಕೈಮುಗಿದಾಗ ಪದ್ಮಜಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಶ್! ನಗಬ್ಯಾಡ, ಅಭ್ಯಾಸ ನಡದದ!" ಎಂದು ಮಾಸ್ತರರು ಗದರಿದರು.

ತಮ್ಮ ಸೊಟ್ಟ ಮೂಗು, ಸಾಲ, ಹೆಂಡತಿಯ ಭಯಗಳನ್ನೆಲ್ಲ ಬರೆದುಕೊಂಡು ಓದುಗರನ್ನು ನಗಿಸಿದ ಲೇಖಕರ ಪುಸ್ತಕಗಳಿಗೂ, ಉತ್ತರಪತ್ರಿಕೆ ತಿದ್ದಿದಂತೆ, ಕೆಂಪು ಗೆರೆ ಬಿದ್ದವು. ಕೊನೆಗೊಂದು ದಿನ ಭಾಷಣದ ಹಾಳೆಗಳನ್ನು ಹಿಡಿದು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡರು.

"ಕೇಳು. 'ನಾನೆಂಥ ಮೂರ್ಖನೆಂದರೆ, ಬಂಧುಗಳೇ, ಎಲ್ಲರನ್ನೂ ನಂಬಿಬಿಡುತ್ತೇನೆ! ನಾನೆಂಥ ಹೆಡ್ಡನೆಂದರೆ, ಪ್ರಶಸ್ತಿಗಾಗಿ ಒಮ್ಮೆಯೂ ಯಾರ ಬಾಗಿಲನ್ನೂ ತಟ್ಟಲಿಲ್ಲ!' ಹೆಂಗದ?"

"ಇದು ಬೈಕೊಂಡದ್ದೋ, ಹೊಗಳಿಕೊಂಡದ್ದೋ?"

"ನಿನಗ ತಿಳಿಯೂದಿಲ್ಲ ಬಿಡು. ಸೂಕ್ಷ್ಮ ಅದ."

"ಸೂಕ್ಷ್ಮ ಹಾಳಾಗ್ಲಿ. ಗಣಪತಿ ಹಬ್ಬದಾಗ ಮಂಟಪಾ ಕಟ್ಟಲಿಕ್ಕೆ ಸ್ಟೂಲ್ ಏರಿ, ಮ್ಯಾಲಿಂದ ಸೀದಾ ಕಡಬಿನ ಪಾತೇಲಿಯೊಳಗ ಬಂದು ಕೂತಿದ್ರಲ್ಲಾ, ಅದನ್ನ ಹೇಳ್ರಿ. ಮಂದಿ ಬಿದ್ದು ಬಿದ್ದು ನಗ್ತಾರ."

ಮಾಸ್ತರರ ಮುಖ ಕೆಂಪಾಯಿತು. "ಅದು ಬ್ಯಾಡ!"

"ಯಾಕ?"

"ಅದು ಖರೇ ಅದ!"

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಆದರೆ ಚಿತ್ರದ ವಿಷಯದಲ್ಲಿ ಮಾತ್ರ ಮಾಸ್ತರರು ಕೈ ಬಿಗಿ ಹಿಡಿಯಲಿಲ್ಲ. ಹೆಂಡತಿಗೂ ಸುಳಿವು ಕೊಡದೆ, ಸಾಲೆಯ ಹಿಂದಿನ ಕೋಣೆಯಲ್ಲಿ ಕೂತು ಪ್ಲೈವುಡ್ ಹಲಗೆಯೊಂದರ ಮೇಲೆ ತಮ್ಮ ಮುಖ ಬರೆದರು. ಕಣ್ಣುಗುಡ್ಡೆಗಳು ಹೊರಗೆ ಬಂದಿದ್ದವು. ಮೀಸೆ ಕಸಬರಿಗೆಯಂತೆ ಸೆಟೆದಿತ್ತು. ಕೋರೆಹಲ್ಲುಗಳ ನಡುವಿನಿಂದ ಕಡುಗೆಂಪು ನಾಲಿಗೆ ಗದ್ದದ ಕೆಳಗೆ ಜೋತುಬಿದ್ದಿತ್ತು. ತಮ್ಮನ್ನು ಇಷ್ಟು ಧಾರಾಳವಾಗಿ ಕುರೂಪ ಮಾಡಿಕೊಂಡದ್ದು ಧೈರ್ಯದಿಂದಲ್ಲ, ಲೆಕ್ಕಾಚಾರದಿಂದ. ಪರದೆ ಸರಿದ ಕೂಡಲೇ ಸಭೆಯೆಲ್ಲ "ಛೇ ಛೇ, ನೀವೆಲ್ಲಿ, ಇದೆಲ್ಲಿ ಸರ್!" ಎನ್ನಬೇಕು, ಅದನ್ನು ಇವರು ತಲೆ ತಗ್ಗಿಸಿ, ವಿನಯದಿಂದ, ಎರಡೂ ಕಿವಿ ತೆರೆದು ಕೇಳಬೇಕು.

ಶನಿವಾರ ಬೆಳಿಗ್ಗೆ ಹಲಗೆಯನ್ನು ಮನೆಗೆ ತಂದು, ಬಣ್ಣ ಆರಲೆಂದು ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟು ಸಾಲೆಗೆ ಹೋದರು. ಮಧ್ಯಾಹ್ನ ಬಂದು ನೋಡಿದರೆ ಮೂಲೆ ಖಾಲಿ!

"ಇಲ್ಲಿದ್ದ ಹಲಗಿ ಎಲ್ಲಿ?"

"ಕಂಡಕ್ಟರ್ ಅಮಸಿದ್ದಪ್ಪ ಒಯ್ದ. ಕಮತಗ್ಯಾಗ ಮನಿ ಕಟ್ಟಸಲಿಕತ್ತಾನಲ್ಲ. 'ಮಾಸ್ತರು ದೃಷ್ಟಿಗೊಂಬಿ ಬರದಿಡ್ತೇನಿ ಅಂದಿದ್ರು' ಅಂದ. ಹೊಳ್ಳಿಸಿ ನೋಡಿದೆ, ಬರದಿಟ್ಟಿದ್ರಿ. ಕೊಟ್ಟೆ."

ಮಾಸ್ತರರು ಜಗಲಿಯ ಮೇಲೆ ಕುಸಿದು ಕೂತರು. ಅಮಸಿದ್ದಪ್ಪ ಬಸ್ಸಿನಲ್ಲಿ ಸಿಕ್ಕಾಗಲೆಲ್ಲ, ಟಿಕೀಟು ಹರಿಯುವ ಮೊದಲೇ, ಕಟ್ಟುವ ಮನೆಗೆ ಕೆಟ್ಟ ಕಣ್ಣು ತಾಗದಂತೆ ತೂಗುಹಾಕಲು ಒಂದು ವಿಕಾರ ಮುಖ ಬರೆದುಕೊಡಿ ಎಂದು ಪೀಡಿಸುತ್ತಿದ್ದುದು ನಿಜ. ಪೀಡೆ ತೊಲಗಲೆಂದು ಇವರು "ಬರದಿಡ್ತೇನಿ, ಬಂದು ಒಯ್ಯಿ" ಎಂದದ್ದೂ ನಿಜ. ತೂತು ಒಲೆ ಕೆಡಿಸಿತು, ಮಾತು ಮನೆ ಕೆಡಿಸಿತು!

"ಅದು ದೃಷ್ಟಿಗೊಂಬಿ ಅಲ್ಲ ಮಾರಾಯ್ತಿ, ನಾನು! ಕಟಗೊಂಡ ಗಂಡನ ಮಾರಿ ಗುರ್ತು ಸಿಗಲಿಲ್ಲೇನು?"

"ಎಲ್ಲೋ ನೋಡಿದಂಗದ ಅನಿಸ್ತು. ಇಂಥಾವು ಎಲ್ಲಾ ಮನಿ ಮುಂದೂ ಇರ್ತಾವಲ್ಲ ಅಂತ ಸುಮ್ಮನಾದೆ."

ಫೋನ್ ಹಚ್ಚಿದರೆ ಅಮಸಿದ್ದಪ್ಪ "ಡ್ಯೂಟ್ಯಾಗದೀನ್ರಿ, ಬಸ್ ಫುಲ್ ಐತಿ!" ಎಂದು ಇಟ್ಟುಬಿಟ್ಟ. ಬೇರೆ ಚಿತ್ರ ಬರೆಯಲು ಹೊತ್ತಿಲ್ಲ. ಚಿತ್ರವಿಲ್ಲದೆ ವೇದಿಕೆ ಏರಿದರೆ ಊರಿಗೆಲ್ಲ ಹೇಳಿಕೊಂಡ ಜಂಬ ಮಣ್ಣುಪಾಲು! ಬಾಗಲಕೋಟೆಯ ದಾರಿಯಲ್ಲೇ ಅಲ್ಲವೇ ಕಮತಗಿ ಎಂದು ಸಮಾಧಾನ ಮಾಡಿಕೊಂಡು, ರವಿವಾರ ಬೆಳಿಗ್ಗೆ ಗಂಡಹೆಂಡಿರು ಬಸ್ಸು ಹತ್ತಿದರು. ಅಮೀನಗಡದಲ್ಲಿ ಕರದಂಟು ತಗೊಳ್ಳೋಣವೆಂದು ಪದ್ಮಜಾಬಾಯಿ ಎದ್ದರೆ, ಮಾಸ್ತರರು ಸೆರಗು ಹಿಡಿದು ಕೂರಿಸಿದರು.

ಕಮತಗಿಯಲ್ಲಿ ಮನೆ ಹುಡುಕುವ ಕಷ್ಟವೇ ಬೀಳಲಿಲ್ಲ. ಓಣಿಯ ತಿರುವಿನಲ್ಲೇ ಮಾಸ್ತರರಿಗೆ ಮಾಸ್ತರರು ಎದುರಾದರು. ಅರ್ಧ ಕಟ್ಟಿದ ಮನೆಯ ನೆತ್ತಿಯಲ್ಲಿ, ಕರಿ ಹಗ್ಗಕ್ಕೆ ಜೋತು, ಬಲಕ್ಕೆ ಬೂದುಗುಂಬಳಕಾಯಿ, ಎಡಕ್ಕೆ ಹರಕು ಚಪ್ಪಲಿ ಇಟ್ಟುಕೊಂಡು, ಅವರ ಮುಖ ಊರನ್ನೆಲ್ಲ ಹೆದರಿಸುತ್ತಿತ್ತು.

"ಬರ್ರಿ ಬರ್ರಿ ಮಾಸ್ತರ!" ಅಮಸಿದ್ದಪ್ಪ ಓಡಿ ಬಂದ. "ನಿಮ್ಮ ಕೈ ಭಾಳ ದೊಡ್ಡದೈತ್ರಿ! ಏನ್ ಮಾರಿ ಬರದೀರಿ! ನೋಡಿದ್ರ ಥೂ ಅನಬೇಕು, ಹಂಗೈತಿ!"

"ಅದನ್ನ ಇಳಸು. ನನಗ ಬೇಕಾಗ್ಯದ."

"ಇವತ್ತೊಂದಿನ ಬ್ಯಾಡ್ರಿ! ಇವತ್ತ ಸ್ಲ್ಯಾಬ್ ಹಾಕಾಕತ್ತೇವಿ. ಬಾಜೂಮನಿ ಅಮರೇಶನ ನೆದರು ಭಾಳ ಕೆಟ್ಟದ್ರಿ. 'ಏನ್ ಚಂದ ಗ್ವಾಡಿ' ಅಂದ, ಗ್ವಾಡಿ ಬಿರುಕು ಬಿಡ್ತು. 'ಏನ್ ಚಂದ ಬಾಗಲಾ' ಅಂದ, ಬಾಗಲಾ ಸೊಟ್ಟಾತು. ಸಂಜಿಕ ಒಯ್ರಿ."

"ಮಧ್ಯಾಹ್ನ ಬಾಗಲಕೋಟ್ಯಾಗ ಸಭಾ ಅದ. ಅಲ್ಲೆ ಬೇಕು."

"ಸಭಾದಾಗ ದೃಷ್ಟಿಗೊಂಬಿ ಯಾಕ್ರಿ?"

"ಅದು ಗೊಂಬಿ ಅಲ್ಲೋ! ಅದು... ಒಬ್ಬ ಮನುಷ್ಯಾನ ಚಿತ್ರ."

"ಇಂಥಾ ಮನುಷ್ಯಾ ಯಾವನ್ರಿ?"

ಕಾಂಕ್ರೀಟಿನ ಬುಟ್ಟಿ ಹೊತ್ತವರೆಲ್ಲ ನಿಂತು ಕಿವಿಗೊಟ್ಟರು. ಮೈಕು, ಶಾಲು, ಹಾರ ಇದ್ದಲ್ಲಿ ಸಲೀಸಾಗಿ ಹೊರಡಬೇಕಿದ್ದ ಮಾತು ಇಲ್ಲಿ ಮಾಸ್ತರರ ಬಾಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗಿ ಕೂತಿತು.

"ಯಾರೋ... ನನ್ನ ಪರಿಚಯದಾಂವ," ಎಂದರು.

"ಭಾಳ ಹಳೇ ಪರಿಚಯ," ಎಂದರು ಪದ್ಮಜಾಬಾಯಿ. "ಹೇಳ್ರಿ, ನಾಚಿಕಿ ಯಾಕ?"

ಮಾಸ್ತರರು ಕಣ್ಣು ಮುಚ್ಚಿಕೊಂಡರು. "ಅದು ನಾನು!"

ಯಾರೂ ನಗಲಿಲ್ಲ. ಅಮಸಿದ್ದಪ್ಪನ ಹೆಂಡತಿ ಸೋಮವ್ವ ನೀರಿನ ಕೊಡ ಹೊತ್ತುಕೊಂಡೇ ಮೇಲೊಮ್ಮೆ, ಮಾಸ್ತರರನ್ನೊಮ್ಮೆ ನೋಡಿ, "ಏ ಬಿಡ್ರಿ! ಅದು ರಾಕ್ಷಸನ ಮಾರಿ. ನೀವೆಲ್ಲಿ, ಅದೆಲ್ಲಿ!" ಎಂದಳು.

ಇದೇ ಮಾತಿಗಾಗಿ ತಾನೇ ಅವರು ಅಷ್ಟೆಲ್ಲ ಬಣ್ಣ ಸುರಿದದ್ದು! ಬಂತು, ಆದರೆ ಬರಬಾರದ ಜಾಗದಲ್ಲಿ ಬಂತು. ಈಗ ತಾವು ಕುರೂಪಿಯೆಂದು ಸಾಧಿಸುವ ಹೊಣೆ ಮಾಸ್ತರರ ಹೆಗಲೇರಿತು.

"ಖರೇನ ನಾನವ್ವಾ! ಮೀಸಿ ನೋಡು! ಹಲ್ಲು ನೋಡು!"

"ಗೊಂಬಿ ಒಯ್ಯಾಕಂತ ನಿಮ್ಮನ್ನ ನೀವ್ಯಾಕ ಹಳ್ಕೋತೀರಿ ಮಾಸ್ತರ?" ಅಮಸಿದ್ದಪ್ಪನಿಗೆ ಕನಿಕರ.

ಗೋಡೆಯ ಮೇಲೆ ಕೂತಿದ್ದ ಗೌಂಡಿ ಮುನಾಫ ತೀರ್ಪು ಕೊಟ್ಟ: "ಮೂಗು ಒಂದೀಟು ಹೊಂದತೈತ್ರಿ. ಅದಕ್ಕಿಂತ ಬಾಜೂಕಿನ ಕುಂಬಳಕಾಯಿ ಛಲೋ ಹೊಂದತೈತಿ."

ಓಣಿಗೆ ಓಣಿಯೇ ಗೊಳ್ಳೆಂದು ನಕ್ಕಿತು. ಪದ್ಮಜಾಬಾಯಿಯೂ ನಕ್ಕರು. ಅಷ್ಟೇ ಸಾಕಾಯಿತು!

"ಏ ಹುಚ್ಚಪ್ಪಗೋಳ್ರ್ಯಾ!" ಮಾಸ್ತರರು ಗುಡುಗಿದರು. "ಯಾರನ್ನ ನೋಡಿ ಹಲ್ಲು ಕಿಸೀತೀರಿ? ನಾ ಯಾರು ಗೊತ್ತದ ಏನು?" ಕಣ್ಣುಗುಡ್ಡೆಗಳು ಹೊರಬಂದವು. ಮೀಸೆ ಸೆಟೆಯಿತು. ಹಲ್ಲುಗಳ ನಡುವೆ ನಾಲಿಗೆ ಕುಣಿಯಿತು.

ಸೋಮವ್ವನ ಕೊಡ ಧೊಪ್ಪೆಂದು ಬಿತ್ತು. "ಅಯ್ಯಯ್ಯ, ಹೌದ್ರಿ! ಅದ ಮಾರಿ! ಇವ್ರ ಅವ್ರು!"

ಇನ್ನು ಸಾಕ್ಷಿ ಬೇಕಿರಲಿಲ್ಲ. ಅಮಸಿದ್ದಪ್ಪ ತಪ್ಪಾಯಿತೆಂದು ಕೈಮುಗಿದು ಹಲಗೆ ಇಳಿಸಿದ. ಇಳಿಸಿದವನು ಕೊಡಲಿಲ್ಲ, ಎದೆಗವಚಿಕೊಂಡು ನಿಂತ.

"ಸ್ಲ್ಯಾಬಿನ ಗತಿ ಏನ್ರಿ? ಹೆಂಡ್ತಿ ಬಂಗಾರ ಮಾರಿ ಕಟ್ಟಾಕತ್ತೇನಿ. ಬೀರಪ್ಪನ ಮ್ಯಾಲ ಆಣಿ, ನನಗ ಬ್ಯಾರೆ ದಾರಿ ಇಲ್ಲ. ಒಂದ ಚಿತ್ರ ಬಿಡ್ರಿ, ಇಲ್ಲಾ ನೀವ ಇರ್ರಿ!"

ಮಾಸ್ತರರು ಹಟ ಹಿಡಿದರು. ಅಮಸಿದ್ದಪ್ಪನೂ ಹಿಡಿದ, ಹಲಗೆಯೂ ಅವನ ಕೈಯಲ್ಲೇ ಇತ್ತು. ಬಾಗಲಕೋಟೆಯ ಬಸ್ಸಿನ ಹಾರ್ನ್ ಕೇಳಿತು. ಪದ್ಮಜಾಬಾಯಿ ಗಂಡನ ಕಂಕುಳಿನಿಂದ ಭಾಷಣದ ಹಾಳೆಗಳನ್ನು ಎಳೆದುಕೊಂಡರು.

"ಸಭಾಕ್ಕ ಚಿತ್ರ ಬೇಕು, ಮನಿಗೆ ಕಾವಲು ಬೇಕು. ಹಾಳಿ ನಾ ಓದ್ತೇನಿ, ನೀವು ಕೂಡ್ರಿ."

"ಆರಾಮಿಲ್ಲ ಅಂತ ಹೇಳು!" ಇಂಗು ತಿಂದ ಮಂಗನಂತೆ ನಿಂತಿದ್ದ ಮಾಸ್ತರರು, ಹಲಗೆ ಹೊತ್ತು ಬಸ್ಸಿನ ಕಡೆ ಓಡುತ್ತಿದ್ದ ಹೆಂಡತಿಯ ಹಿಂದಿನಿಂದ ಕೂಗಿದರು. "ಇದನ್ನ ಮಾತ್ರ ಹೇಳಬ್ಯಾಡ!"

ಪ್ಲಾಸ್ಟಿಕ್ ಕುರ್ಚಿ ಬಂತು. ಬಾಗಿಲಿನ ಮುಂದೆ, ಕುಂಬಳಕಾಯಿಯ ಕೆಳಗೆ, ಹೊಸ ದೃಷ್ಟಿಯ ಕಲಾವಿದರು ಸ್ಥಾಪನೆಯಾದರು. ಸೋಮವ್ವ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು, ಎದುರಿಗೆ ನಿಲ್ಲದೆ ಸರ್ರನೆ ಒಳಗೆ ಹೋದಳು. ಮೇಲೆ ಸ್ಲ್ಯಾಬ್ ಬೀಳುತ್ತಿತ್ತು. ಅವಮಾನ ಎಂದರೆ ಇದೇ ಎಂದು ಮಾಸ್ತರರು ಕಣ್ಣಂಚು ಒರೆಸಿಕೊಳ್ಳುವಷ್ಟರಲ್ಲಿ ಫೋನ್ ಬಂತು. ಅದರೊಳಗೆ ಸಭೆಯ ನಗೆ ಭೋರ್ಗರೆಯುತ್ತಿತ್ತು.

"ಏನ್ರಿ, ಮಂದಿ ನಗೂದು ನಿಲ್ಲಸವಲ್ಲರು!"

"ನನ್ನ ಭಾಷಣಕ್ಕ?" ಮಾಸ್ತರರ ಎದೆ ಉಬ್ಬಿತು.

"ಅದರದೇನ್ ಕೇಳ್ತೀರಿ! ಮೊದಲನೇ ಹಾಳಿಗೇ ಮುಂದಿನ ಸಾಲು ಆಕಳಿಸ್ತು. ಮಡಚಿ ಇಟ್ಟುಬಿಟ್ಟೆ. ನಡದದ್ದು ನಡದ್ಹಂಗ ಹೇಳಿದೆ. ಕಡಬಿನ ಪಾತೇಲಿ, ಗೌಂಡಿ ಮಾತು, ಈಗ ನೀವು ಕಾವಲಾ ಕೂತದ್ದು, ಎಲ್ಲಾ! ಶಾಲು ನನಗ ಹೊಚ್ಚಿದ್ರು."

"ಪದ್ಮಾ! ನನ್ನ ಮಾನ ಕಳದ್ಯಲ್ಲ!"

"ಅಯ್ಯ, ತನ್ನನ್ನ ತಾ ನಗಬೇಕಂತ ನೀವ ಅಂದಿದ್ರಲ್ಲ?"

"ನಾ ನಗಬೇಕಂದೆ! ನೀವೆಲ್ಲಾ ನಗ್ರೀ ಅಂತ ಯಾರು ಹೇಳಿದ್ರು?"

ಮಾಸ್ತರರು ಕುರ್ಚಿಯಿಂದ ಎದ್ದು, ಕಣ್ಣು ಕೆರಳಿಸಿ, ಫೋನಿಗೆ ಮುಷ್ಟಿ ತೋರಿಸುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಅಮರೇಶನ ಸ್ಕೂಟರು ಓಣಿಗೆ ತಿರುಗಿತು. ಸ್ಲ್ಯಾಬಿನ ಕಡೆ ಕತ್ತೆತ್ತಿ "ಏನ್ ಚಂ..." ಎಂದವನ ಕಣ್ಣು ಕೆಳಗಿಳಿದು ಮಾಸ್ತರರ ಮುಖಕ್ಕೆ ಬಡಿಯಿತು. ಉಳಿದ ಮಾತು ಬಾಯಲ್ಲೇ ಉಳಿಯಿತು. ಸ್ಕೂಟರು ಗರ್ರನೆ ತಿರುಗಿ ಬಂದ ದಾರಿಯಲ್ಲೇ ಓಡಿತು.

ಮೇಲಿದ್ದವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಮಾಸ್ತರರು ಬೆಪ್ಪಾಗಿ ನಿಂತರು. ಚಪ್ಪಾಳೆ! ಖರೇ ಚಪ್ಪಾಳೆ! ಏನಾಯಿತೆಂದು ತಿಳಿದಾಗ, ಅವರ ಜೀವಮಾನದಲ್ಲಿ ಮೊದಲ ಬಾರಿಗೆ, ತಮ್ಮ ಮೇಲೆ ತಮಗೇ ಹೊಟ್ಟೆಯೊಳಗಿನಿಂದ ನಗೆ ಎದ್ದು ಬಂತು; ತುಟಿಗಳು ಬಿರಿಯತೊಡಗಿದವು.

ಅಮಸಿದ್ದಪ್ಪ ಗಾಬರಿಯಿಂದ ಓಡಿ ಬಂದು ಅವರ ಎರಡೂ ಕೈ ಹಿಡಿದುಕೊಂಡ.

"ನಗಬ್ಯಾಡ್ರಿ ಮಾಸ್ತರ, ನಿಮ್ಮ ಕಾಲ್ ಬೀಳ್ತೇನಿ! ಸ್ಲ್ಯಾಬ್ ಇನ್ನೂ ಹಸೀ ಐತಿ!"