ಮಾವನ ಬಲಗಿವಿ

ಕಿರುಗಾವಲಿನ ನನ್ನ ಸೋದರಮಾವನಷ್ಟು ಅಚ್ಚುಕಟ್ಟಾಗಿ ಕಿವುಡಾಗುವ ಮನುಷ್ಯ ಮಳವಳ್ಳಿ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ! ಅತ್ತೆ ಕೊಟ್ಟಿಗೆಯಿಂದ "ದನುಕ್ಕೆ ಉಲ್ಲಾಕಿ" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದರೂ ಅವರಿಗೆ ಕೇಳಿಸದು. ಆದರೆ ಆಚೆ ಬೀದಿಯಲ್ಲಿ ಯಾರಾದರೂ ಕೋಳಿ ಹಿಡಿದರೆ ಮಾತ್ರ ಕೇಳಿಸುತ್ತದೆ. ಯಾಕೆ ಮಾವ ಹೀಗೆ ಎಂದರೆ, "ದೇವ್ರು ಎಲ್ಡು ಕಿವಿ ಕೊಟ್ಟವ್ನೆ. ಒಂದು ನಂಗೆ, ಒಂದು ನಿಮ್ಮತ್ತೆಗೆ. ಅವಳ್ದು ಕೆಟ್ಟೋಗದೆ ಕಣ್ಲಾ" ಎನ್ನುತ್ತಿದ್ದರು.

ಇಂಥವರು ಒಂದು ಬೆಳಿಗ್ಗೆ ಎದ್ದು, "ಬಲಗಿವಿ ಮುಚ್ಕಬುಟ್ಟದೆ, ಒಳಗೆ ಗಾಣ ತಿರುಗ್ದಂಗಾಯ್ತದೆ" ಎಂದರೆ ಯಾರು ನಂಬುತ್ತಾರೆ? ಅತ್ತೆಯಂತೂ ನಂಬಲಿಲ್ಲ. "ಇಷ್ಟು ದಿನ ಎಲ್ಡೂ ಮುಚ್ಚಿತ್ತು, ಈಗ ಒಂದು ತೆರಕಂಡದಾ?" ಎಂದರು.

ಮಾರನೆಯ ದಿನ ದುದ್ದದ ನೆಂಟರೊಬ್ಬರು ಬಾಡೂಟಕ್ಕೆ ಕರೆಯಲು ಫೋನ್ ಮಾಡಿದರು. ಮಾವ ಅಭ್ಯಾಸದಂತೆ ಬಲಗಿವಿಗೆ ಹಿಡಿದು, ಯಾರೂ ಮಾತಾಡುತ್ತಿಲ್ಲವೆಂದು ಕಟ್ ಮಾಡಿದರು. ನೆಂಟರು ಮತ್ತೆ ಮಾಡಿದರು. ಮಾವ ಮತ್ತೆ ಕಟ್ ಮಾಡಿದರು! ಮೂರನೆಯ ಸಲ ಬಂದಾಗ ಅತ್ತೆ ಫೋನು ಕಿತ್ತುಕೊಂಡು ವಿಷಯ ಕೇಳಿದವರೇ ಕುಸಿದು ಕೂತರಂತೆ. ಮಂಡ್ಯದಲ್ಲಿದ್ದ ನನಗೆ ಅಳುತ್ತಲೇ ಹೇಳಿದರು: "ಬಾಡೂಟದ ಫೋನ್ನೇ ಕಟ್ ಮಾಡ್ಬುಟ್ರು ಕಣಪ್ಪ! ನಿಜವಾಗ್ಲೂ ಕಿವಿ ಓಗದೆ!"

ಇದಕ್ಕಿಂತ ಖಚಿತವಾಗಿ ಯಾವ ಡಾಕ್ಟರು ತಾನೇ ರೋಗ ಪತ್ತೆ ಹಚ್ಚಿಯಾರು? ಪಕ್ಕದ ಮನೆಯವರು ಆಗಲೇ ಬೆಳ್ಳುಳ್ಳಿ ಎಣ್ಣೆ ಕಾಯಿಸಿಕೊಂಡು ಬಂದಿದ್ದರಂತೆ. ಏನೂ ಹಾಕಬೇಡಿ, ಮೊದಲು ಬಸ್ಸು ಹತ್ತಿ ಎಂದೆ.

ಮಂಡ್ಯದ ಕಿವಿ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಳಗೆ ಇಣುಕಿ, "ಗುಗ್ಗೆ ಇಲ್ಲ, ಸ್ವಚ್ಛವಾಗಿದೆ" ಎಂದರು. ಆಮೇಲೆ ಮಾವನನ್ನು ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಮಾವ ಒತ್ತಿದ್ದೇ ಒತ್ತಿದ್ದು! ಪರೀಕ್ಷೆ ಮಾಡುವ ಹುಡುಗಿ ಕಂಗಾಲಾಗಿ ಹೊರಗೆ ಬಂದಳು: "ನಾನು ಸದ್ದು ಬಿಡೋ ಮೊದಲೇ ಒತ್ತುತ್ತಾರೆ ಮೇಡಂ!"

"ಫೇಲಾದ್ರೆ ಮರ್ವಾದೆ ಓಯ್ತದಲ್ವಾ?" ಎಂದರು ಮಾವ.

ಎರಡನೆಯ ಸಲ ಪ್ರಾಮಾಣಿಕವಾಗಿ ಒತ್ತಿದರು. ಬಲಗಿವಿ ಪೂರಾ ಫೇಲು. "ಇದು ಒಳಗಿನ ನರದ ತೊಂದರೆ. ತುಂಬ ಜನ ನೆಗಡಿ ಅಂದುಕೊಂಡು ತಡ ಮಾಡ್ತಾರೆ. ನೀವು ಬೇಗ ಬಂದದ್ದು ಒಳ್ಳೇದಾಯ್ತು. ಆದರೂ ಪೂರ್ತಿ ಬರುತ್ತೆ ಅಂತ ಮಾತು ಕೊಡೋಕಾಗಲ್ಲ" ಎಂದ ಡಾಕ್ಟರು, ಸಕ್ಕರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸ್ಟೀರಾಯ್ಡ್ ಮಾತ್ರೆ ಕೊಟ್ಟರು.

ಮಾತ್ರೆ ಮುಗಿದರೂ ಗಾಣ ನಿಲ್ಲಲಿಲ್ಲ. ಮಾವನ ತಮಾಷೆಯೇ ನಿಂತುಹೋಯಿತು. ಜಗಲಿಯ ಮೇಲೆ ಕೂತು, "ಕೂಗ್ದೋರು ಎತ್ತಾಗವ್ರೆ ಅಂತಾನೇ ಗೊತ್ತಾಯ್ತಿಲ್ಲ ಕಣ್ಲಾ" ಎಂದರು. ಅವರ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕಿವಿಯೊಳಗೇ ಇಂಜೆಕ್ಷನ್ ಕೊಡೋಣ ಎಂದರು ಡಾಕ್ಟರು. "ಸೊಂಟುಕ್ಕೇ ಆಕಿ ಮೇಡಂ, ಅಲ್ಲಿಂದ ತಾನೇ ಏರ್ಕತದೆ!" ಎಂದು ಮಾವ ಗೋಗರೆದರು. ಡಾಕ್ಟರು ನಕ್ಕರು, ಕಿವಿಗೇ ಹಾಕಿದರು. ವಾರ ಬಿಟ್ಟು ವಾರ ಹೋಗಿ ಬಂದದ್ದಾಯಿತು. ಗಾಣ ನಿಧಾನವಾಯಿತು, ಬಸ್ಸಿನ ಹಾರನ್ನು ಕೇಳಿಸಿತು.

ಕೊನೆಯ ಸಲ ಹೋದಾಗ ಡಾಕ್ಟರು ಮಾವನ ಎಡಗಿವಿಯನ್ನು ಬೆರಳಿನಿಂದ ಒತ್ತಿ ಮುಚ್ಚಿ, ಹಿಂದೆ ನಿಂತು ಏನಾದರೂ ಪಿಸುಗುಟ್ಟಿ ಎಂದು ಅತ್ತೆಗೆ ಹೇಳಿದರು. ಅತ್ತೆ "ಊಟ!" ಎಂದದ್ದು ಹೊರಗೆ ಕೂತಿದ್ದ ರೋಗಿಗಳಿಗೂ ಕೇಳಿಸಿತು.

"ಇನ್ನೂ ಮೆಲ್ಲಗಮ್ಮ."

ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ಮಾವನ ಬಲಭುಜದ ಹತ್ತಿರ ಬಾಗಿ ತುಟಿ ಆಡಿಸಿದರು. ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಿಸಲಿಲ್ಲ.

"ಏನು ಕೇಳಿಸ್ತು?" ಎಂದರು ಡಾಕ್ಟರು.

ಮಾವ ತಲೆ ತಗ್ಗಿಸಿದರು. ಮುಗಿಯಿತು, ಕಿವಿ ಬರಲಿಲ್ಲ ಎಂದುಕೊಂಡೆ.

"ನನ್ನ ಎಸ್ರು" ಎಂದರು ಮಾವ, ಬಹಳ ಮೆತ್ತಗೆ.

ಮದುವೆಯಾದಂದಿನಿಂದ ಅತ್ತೆಯ ಬಾಯಲ್ಲಿ ಆ ಹೆಸರು ಬಂದದ್ದನ್ನು ಯಾರೂ ಕೇಳಿದವರಿಲ್ಲ. "ನಮ್ಮನೆಯೋರು" ಎನ್ನುತ್ತಿದ್ದರು, ಅಷ್ಟೇ. ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟಿದ್ದರು.

ಮಾವ ಕಣ್ಣೊರೆಸಿಕೊಂಡು ಡಾಕ್ಟರನ್ನು ನೋಡಿದರು.

"ಇನ್ನೊಂದ್ಸಲ ಟೆಸ್ಟ್ ಮಾಡ್ಬುಡಿ ಮೇಡಂ."