ಫರೀದಾಬಾದಿನಲ್ಲೊಂದು ಖಾಯಂ ಚಪ್ಪರ

ಈ ಲೋಕದಲ್ಲಿ ಸಲಹೆ ಕೇಳದಿದ್ದರೂ ಸಿಗುತ್ತದೆ, ನೆರಳು ಮಾತ್ರ ಬೇಡಿದರೂ ಸಿಗುವುದಿಲ್ಲ. ಈ ಸತ್ಯ ನನಗೆ ತಿಳಿದದ್ದು ಫರೀದಾಬಾದಿನಲ್ಲಿ, ಎಪ್ಪತ್ತರ ದಶಕದ ನಡುವಿನಲ್ಲಿ. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನನಗೆ ಇಂಜಿನಿಯರ್ ಕೆಲಸ ಸಿಕ್ಕಿ, ಉಡುಪಿಯ ಕಡೆಯವರಾದ ನಾವು, ಅಂದರೆ ನಾನು, ಹೆಂಡತಿ ಜಲಜ ಮತ್ತು ಮಗಳು ಪುಟ್ಟಿ, ಮಾರ್ಚ್ ತಿಂಗಳಲ್ಲಿ ಅಲ್ಲಿನ ಬಾಡಿಗೆ ಮನೆಯೊಂದಕ್ಕೆ ಬಂದಿಳಿದೆವು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಇಟ್ಟಿಗೆ ಹಾಸಿದ ಅಂಗಳ. ಆ ಬಡಾವಣೆಯ, ಅಲ್ಲಿನವರ ಮಾತಿನಲ್ಲಿ ಸೆಕ್ಟರಿನ, ಹೆಂಗಸರ ಸಂಸಾರವೆಲ್ಲ ನಡೆಯುತ್ತಿದ್ದದ್ದು ಈ ಹಿಂದಿನ ಅಂಗಳಗಳಲ್ಲೇ. ಪಕ್ಕದ ಮನೆಯ ಪಂಜಾಬಿ ಅಜ್ಜಿ, ಎಲ್ಲರೂ ಬೀಜಿ ಎಂದು ಕರೆಯುತ್ತಿದ್ದವರು, ನಾವು ಬಂದ ವಾರದಲ್ಲೇ ನಾಲ್ಕಾರು ಹೆಂಗಸರನ್ನು ಕರೆತಂದು ನಮ್ಮ ಅಂಗಳದಲ್ಲಿ ಕೂರಿಸಿಬಿಟ್ಟರು. ಹಿಂದಿಯ ಗಂಧವಿಲ್ಲದ ಜಲಜ ಕೈಸನ್ನೆಯಲ್ಲೇ ಅವರೊಂದಿಗೆ ಅರ್ಧ ಮಹಾಭಾರತ ಆಡುತ್ತಿದ್ದಳು. ಏಪ್ರಿಲ್ ಮುಗಿಯುವಷ್ಟರಲ್ಲಿ ಅಂಗಳ ದೋಸೆಯ ಕಾವಲಿಯಾಯಿತು. ಹೆಂಗಸರು ಬರುವುದು ನಿಂತಿತು. ಜಲಜ ಕತ್ತಲೆ ಕೋಣೆಯಲ್ಲಿ ಒಬ್ಬಳೇ ಕೂತು ಫ್ಯಾನಿನ ಮುಖ ನೋಡತೊಡಗಿದಳು.

"ಹೀಗೇ ಆದ್ರೆ ನಾನು ಹಿಂದಿ ಕಲಿಯುವುದು ಹಾಗಿರಲಿ, ಕನ್ನಡವೂ ಮರೆತುಹೋಗ್ತದೆ ಮಾರಾಯ್ರೇ. ಆ ಅಂಗಳಕ್ಕೆ ಎಂತಾದ್ರೂ ಒಂದು ಮಾಡು ಹಾಕಿಸಿ" ಎಂದಳು. ಮಾಡು ಎಂದರೆ ನಮ್ಮ ಕಡೆ ಸೂರು. ನನಗೆ ನಿಜವಾಗಿಯೂ ಸಂಕಟವಾಯಿತು. ಅವಳಿಗೆ ಆ ಊರಿನಲ್ಲಿ ಬೇರೆ ಯಾರಿದ್ದರು? ಅಂಗಳಕ್ಕೆ ನೆರಳು ತಂದೇ ತರುತ್ತೇನೆ ಎಂದು ಅಂದೇ ತೀರ್ಮಾನಿಸಿದೆ. ಮನೆಯ ಮಾಲೀಕ ದಿಲ್ಲಿಯಲ್ಲಿದ್ದ. ತನ್ನ ಕೈಯಿಂದ ಕಾಸು ಬಿಚ್ಚಬೇಕಿಲ್ಲದ ಯಾವ ಕಟ್ಟಡಕ್ಕೂ ಅವನ ಆಕ್ಷೇಪವಿರಲಿಲ್ಲ.

ಆದರೆ ಎಂಥ ನೆರಳು? ಇಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ತಗಡು ಹಾಕಿಸಿ ಎಂದ ಒಬ್ಬ. ತಗಡಿನ ಕೆಳಗೆ ಕೂತರೆ ನಾವೇ ಹಪ್ಪಳವಾಗುತ್ತೇವೆ ಎಂದ ಇನ್ನೊಬ್ಬ. ದ್ರಾಕ್ಷಿ ಬಳ್ಳಿ ಹಬ್ಬಿಸಿ ಎಂದ ಮತ್ತೊಬ್ಬನಿಗೆ, ಬಳ್ಳಿ ಹಬ್ಬುವವರೆಗೆ ನನ್ನ ಹೆಂಡತಿಯನ್ನು ಎಲ್ಲಿಡಲಿ ಎಂದು ಕೇಳಬೇಕಾಯಿತು. ಬೀಜಿ ಮಾತ್ರ ಗೋಡೆಯ ಮೇಲಿಂದ ಕತ್ತು ಚಾಚಿ, ನಾಲ್ಕು ಬಿದಿರು ನೆಟ್ಟು ಹುಲ್ಲಿನ ಛಪ್ಪರ್ ಹಾಕಿಸು ಬೇಟಾ, ದಸರಾ ಆದ ಮೇಲೆ ಬಿಚ್ಚಿಬಿಡು ಎಂದರು.

ಬಿಚ್ಚಿಬಿಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ನಖಶಿಖಾಂತ ಉರಿಯಿತು. ನಮ್ಮ ಊರಿನ ಕಡೆಯವರಿಗೆ ಇದರ ಕಷ್ಟ ಗೊತ್ತು. ಮಳೆಗಾಲ ಮುಗಿದೊಡನೆ ಮನೆಯ ಮುಂದೆ ಕಂಬ ನೆಟ್ಟು, ಹೆಣೆದ ತೆಂಗಿನ ಮಡಲು ಹೊದಿಸಿ ಚಪ್ಪರ ಹಾಕಬೇಕು. ಮಳೆ ಬರುವ ಮೊದಲು ಅದನ್ನು ಬಿಚ್ಚಬೇಕು. ಬೇಸಿಗೆ ರಜೆಯ ಕೊನೆಗೆ ಊರ ಮಕ್ಕಳೆಲ್ಲ ಮಾವಿನ ಮರದಲ್ಲಿದ್ದರೆ ನಾನು ಚಪ್ಪರದ ಮೇಲಿರುತ್ತಿದ್ದೆ. ಮಡಲು ಎಳೆದಾಗ ಏಳೆಂಟು ತಿಂಗಳ ಧೂಳು, ಚಗಳಿ ಇರುವೆ, ಹೆಸರಿಲ್ಲದ ಹುಳುಗಳು ಎಲ್ಲವೂ ಅಂಗಿಯೊಳಗೆ ಇಳಿಯುತ್ತಿದ್ದವು. ಕೆಳಗಿನಿಂದ ಅಪ್ಪನ ಬೈಗುಳ ಮೇಲೇರುತ್ತಿತ್ತು. ನಾನು ದೊಡ್ಡವನಾಗಿ ಚಪ್ಪರ ಹಾಕಿದರೆ ಅದನ್ನು ಯಾವ ಕಾಲಕ್ಕೂ ಬಿಚ್ಚುವುದಿಲ್ಲ ಎಂದು ಆಗಲೇ ಶಪಥ ಮಾಡಿದ್ದೆ. ಊರಿನಲ್ಲಾದರೆ ಮಳೆಯ ಭಯ. ಈ ಒಣ ಭೂಮಿಯಲ್ಲಿ ಚಪ್ಪರ ಬಿಚ್ಚಲು ಯಾವ ಕಾರಣವಿದೆ? "ಸರ್ದಿಯೋಂ ಮೇ ಕ್ಯಾ ಕರೋಗೆ?" ಎಂದು ಬೀಜಿ ಕೇಳಿದರು. ಚಳಿಗಾಲದಲ್ಲಿ ಅದರ ಕೆಳಗೇ ಕೂತು ಚಹಾ ಕುಡಿಯುತ್ತೇವೆ ಎಂದೆ. ಬೀಜಿ ನನ್ನನ್ನು ಒಮ್ಮೆ, ಆಕಾಶವನ್ನು ಒಮ್ಮೆ ನೋಡಿ ಒಳಗೆ ಹೋದರು.

ಹಾಗಾಗಿ ಮರದ ಖಾಯಂ ಮಾಡೇ ಎಂದು ನಿಶ್ಚಯವಾಯಿತು. ಕಾರ್ಖಾನೆಗೆ ಯಂತ್ರ ಬಂದ ದೊಡ್ಡ ಪೆಟ್ಟಿಗೆಗಳ ಹಲಗೆಗಳನ್ನು ಮಾರುತ್ತಿದ್ದರು. ಒಳ್ಳೆಯ ಮರ. ಅದನ್ನೇ ಕೊಂಡೆ. ನಕ್ಷೆಯ ವಿಭಾಗದ ಕುಲಕರ್ಣಿ ಧಾರವಾಡದವರು. ನನ್ನ ನಕ್ಷೆಯಲ್ಲಿದ್ದ ಇಳಿಜಾರು ನೋಡಿ ಅವರು ಹೌಹಾರಿದರು. "ಏನ್ರೀ ಭಟ್ರ, ಇಷ್ಟು ಇಳಿಜಾರು ಯಾಕ ಬೇಕ್ರೀ? ಸಪಾಟ ಮಾಡ್ರಿ, ನಮ್ಮ ಮಾಳಿಗಿ ಇದ್ದಂಗ. ಮ್ಯಾಲ ಹತ್ತಿ ಕೂಡಬಹುದು, ಮಲಗಬಹುದು" ಎಂದರು. ಮಳೆ ಬಂದರೆ ನೀರು ನಿಲ್ಲುತ್ತದಲ್ಲ ಎಂದೆ. "ಎಲ್ಲಿ ಮಳೀರಿ?" ಎಂದರು. ಅವರು ಧಾರವಾಡವನ್ನು ಬಿಡಲಿಲ್ಲ, ನಾನು ಉಡುಪಿಯನ್ನು ಬಿಡಲಿಲ್ಲ. ಫರೀದಾಬಾದಿನಲ್ಲಿ ಕಟ್ಟುವ ಮಾಡಿಗೆ ಫರೀದಾಬಾದಿನ ಅಭಿಪ್ರಾಯ ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಬಡಗಿಯಾದರೋ ಏನು ಹೇಳಿದರೂ "ಹೋ ಜಾಯೇಗಾ ಸಾಬ್" ಎನ್ನುತ್ತಿದ್ದ, ಮರುದಿನ ಬರುತ್ತಿರಲಿಲ್ಲ. ಅವನನ್ನು ಹುಡುಕಿ ತರುವುದರಲ್ಲೇ ನನ್ನ ಅರ್ಧ ಬೇಸಿಗೆ ಕರಗಿತು. ಕಂಬಗಳ ಬುಡಕ್ಕೆ ಸಿಮೆಂಟ್ ಹಾಕಿಸಿದೆ, ಹಲಗೆಗಳಿಗೆ ಬೋಲ್ಟ್ ಹಾಕಿಸಿದೆ. ಕಡಲ ಗಾಳಿ ಬರಲಿ ಎಂದು ಪಡುವಣ ದಿಕ್ಕನ್ನು ತೆರೆದಿಟ್ಟೆ. ಅಲ್ಲಿ ಪಡುವಣದಿಂದ ಬರುವುದು ಲೂ ಎಂಬ ಬೆಂಕಿ ಗಾಳಿ ಎಂದು ತಿಳಿದ ಮೇಲೆ ಆ ಬದಿಗೆ ಲಾವಂಚದ ತಟ್ಟಿ ಕಟ್ಟಿ ದಿನಾ ನೀರು ಚಿಮುಕಿಸುವ ಕೆಲಸವೂ ನನ್ನ ತಲೆಗೇ ಬಂತು.

ಆದರೂ ಸುಳ್ಳು ಹೇಳಬಾರದು, ಬೇಸಿಗೆಯ ಉಳಿದರ್ಧದಲ್ಲಿ ಜಲಜಳ ದರ್ಬಾರು ನೋಡುವಂತಿತ್ತು. ಮಧ್ಯಾಹ್ನವಾದರೆ ಸೆಕ್ಟರಿನ ಹೆಂಗಸರೆಲ್ಲ ನಮ್ಮ ಮಾಡಿನ ಕೆಳಗೆ ಸೇರುತ್ತಿದ್ದರು. ಜಲಜಳ ಹಿಂದಿ ಸರಾಗವಾಯಿತು. ನಾನು ಎದೆಯುಬ್ಬಿಸಿ ಓಡಾಡಿದೆ. ಕುಲಕರ್ಣಿಯವರನ್ನು ಊಟಕ್ಕೆ ಕರೆದು ಮಾಡಿನ ಕೆಳಗೇ ಎಲೆ ಹಾಕಿಸಿದೆ.

ಆಮೇಲೆ ಚಳಿಗಾಲ ಬಂತು. ಅದನ್ನು ಚಳಿ ಎಂದು ಕರೆಯುವುದು ಚಳಿಗೆ ಮಾಡುವ ಅವಮಾನ. ನಮ್ಮ ಕಡೆ ಡಿಸೆಂಬರಿನಲ್ಲಿ ಬೆಳಿಗ್ಗೆ ಒಂದು ಶಾಲು ಹೊದ್ದರೆ ಅದೇ ಹೆಚ್ಚು. ಇಲ್ಲಿ ಮನೆಯ ಗೋಡೆಗಳೇ ಮಂಜುಗಡ್ಡೆ. ಮೈಗೆ ಬಿಸಿ ಸಿಗುವ ಒಂದೇ ಜಾಗ ಬಿಸಿಲು ಬೀಳುವ ಅಂಗಳ. ಹೆಂಗಸರು ಚಾರ್ಪಾಯಿ ಎಂಬ ಹಗ್ಗದ ಮಂಚ ಹೊರಗೆಳೆದು ಬಿಸಿಲಿಗೆ ಬೆನ್ನು ಕೊಟ್ಟು ಸ್ವೆಟರ್ ಹೆಣೆಯುತ್ತಾ, ಬಟಾಣಿ ಬಿಡಿಸುತ್ತಾ ಸಂಜೆ ಮಾಡುವ ಕಾಲ. ನಮ್ಮ ಅಂಗಳಕ್ಕೆ ಮಾತ್ರ ಸೂರ್ಯನಿಗೆ ಪ್ರವೇಶವಿರಲಿಲ್ಲ. ಉಡುಪಿಯ ಮಳೆಯನ್ನೇ ತಡೆಯಬಲ್ಲ ಮಾಡು ಬಡಪಾಯಿ ಬಿಸಿಲನ್ನು ಒಳಗೆ ಬಿಡುತ್ತದೆಯೇ? ಹೆಂಗಸರೆಲ್ಲ ಬೀಜಿಯ ಅಂಗಳಕ್ಕೆ ಹೋದರು. ಜಲಜ ಕೂಡ ಚಾಪೆ ಸುತ್ತಿಕೊಂಡು ಹೊರಟಳು. "ಅಪ್ಪಾ, ನಮ್ಮನೇಲಿ ಧೂಪ್ ಬರೋದೇ ಇಲ್ಲ, ನಾನು ಬೀಜಿ ಕೇ ಘರ್ ಹೋಗ್ತೇನೆ" ಎಂದು ಪುಟ್ಟಿಯೂ ಬಿಸಿಲು ಹುಡುಕಿಕೊಂಡು ಹಾರಿಹೋದಳು. ರಜೆಯ ದಿನಗಳಲ್ಲಿ ನಾನು ಮಂಕಿ ಟೋಪಿ ಹಾಕಿಕೊಂಡು, ಹಟಕ್ಕೆ ಬಿದ್ದು, ನನ್ನ ಮಾಡಿನ ಕೆಳಗೆ ಚಹಾ ಕುಡಿದೆ. ಲೋಟ ತುಟಿಗೆ ಬರುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು. ಗೋಡೆಯಾಚೆಯಿಂದ ನಗು ಕೇಳುತ್ತಿತ್ತು.

ನಗುವವರ ನಡುವೆ ಜಲಜ ಮಾತ್ರ ಒಳಗೊಳಗೇ ಕೊರಗುತ್ತಿರಬೇಕು ಎಂದು ನನಗೆ ಅನ್ನಿಸತೊಡಗಿತು. ಯಜಮಾನಿಯಾಗಿ ಮೆರೆದವಳು ಈಗ ಪರರ ಅಂಗಳದಲ್ಲಿ ಚಾಪೆ ಹಾಸಬೇಕು. ಅದಕ್ಕೆ ಕಾರಣ ನನ್ನ ಮೊಂಡುತನ. ಒಂದು ಭಾನುವಾರ ಮನಸ್ಸು ಗಟ್ಟಿಮಾಡಿಕೊಂಡು ಕುರ್ಚಿ ಎತ್ತಿಕೊಂಡು ಬೀಜಿಯ ಅಂಗಳಕ್ಕೆ ಹೋದೆ. ಹೆಂಗಸರೆಲ್ಲ ಸ್ವಲ್ಪ ಸರಿದು ಜಾಗ ಕೊಟ್ಟರು. ಬೀಜಿ ನನ್ನ ಮಡಿಲಿಗೆ ಒಂದು ರಾಶಿ ಬಟಾಣಿ ಸುರಿದರು. ಬೆನ್ನಿಗೆ ಬಿಸಿಲು ತಾಗಿದ್ದೇ ನನ್ನ ಹಟವೆಲ್ಲ ಬೆಣ್ಣೆಯಂತೆ ಕರಗಿತು. ಎಲ್ಲರೆದುರಿಗೇ ಹೇಳಿಬಿಟ್ಟೆ: "ಜಲಜಾ, ನನ್ನದೇ ತಪ್ಪು. ನಾಳೆಯೇ ಬಡಗಿಯನ್ನು ಕರೆಸಿ ಆ ಮಾಡು ಬಿಚ್ಚಿಸ್ತೇನೆ."

ಜಲಜಳ ಕೈಯಲ್ಲಿದ್ದ ಹೆಣಿಗೆಯ ಕಡ್ಡಿ ನಿಂತಿತು. ಅವಳು ಬೀಜಿಯ ಕಡೆ ಕಣ್ಣು ಹಾಯಿಸಿ, ಬೇರೆಯವರಿಗೆ ತಿಳಿಯದಂತೆ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಸುಮ್ನಿರಿ ಮಾರಾಯ್ರೇ! ಅದನ್ನೆಲ್ಲಿಯಾದ್ರೂ ಬಿಚ್ಚಿಸೀರಿ! ಬೇಸಿಗೆಯಿಡೀ ಇಷ್ಟು ಜನಕ್ಕೆ ಶರಬತ್ತು ಕದಡಿ ಕದಡಿ ನನ್ನ ರಟ್ಟೆ ಬಿದ್ದುಹೋಗಿದೆ. ಇಲ್ಲಿ ಬೀಜಿ ಚಹಾ ಮಾಡಿ ಕೊಡ್ತಾರೆ, ನಾನು ಕೂತು ಕುಡೀತೇನೆ. ನಿಮಗೆ ಇಲ್ಲಿ ಎಂತ ಕಷ್ಟ ಆಗಿದೆ?"

ಏನಂತೆ ಎಂದು ಬೀಜಿ ನನ್ನನ್ನು ಕೇಳಿದರು. ಇಲ್ಲಿ ಬಿಸಿಲು ಚೆನ್ನಾಗಿದೆಯಂತೆ ಎಂದು ಹೇಳಿ ನಾನು ಬಟಾಣಿ ಬಿಡಿಸತೊಡಗಿದೆ.