ಎರಡು ಬೀಗದ ದೋಣಿ

ಬ್ಯಾಂಕಿನವರನ್ನು ಎಲ್ಲಿಗೆ ಕರೆದೊಯ್ದರೂ ಅವರು ಶಾಖೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತಾರೆ. ಹುಬ್ಬಳ್ಳಿಯಿಂದ ಎರ್ನಾಕುಲಕ್ಕೆ ವರ್ಗವಾಗಿ ಬಂದ ನನಗೆ ಪ್ರತಿ ಪಿಕ್ನಿಕ್ಕಿನಲ್ಲೂ ಇದು ಖಾತ್ರಿಯಾಗಿದೆ. ಈ ಸಲ ನಮ್ಮ ಪಾಲಾರಿವಟ್ಟಂ ಶಾಖೆಯವರು ಮನೆಮಂದಿ ಸಮೇತ ತಿರುವನಂತಪುರದಾಚೆ ಕಾಡಿನೊಳಗಿನ ಒಂದು ದೊಡ್ಡ ಕೆರೆಗೆ ಹೋದೆವು. ಡೇರೆ, ಚಾರಣ, ದೋಣಿ ಎಲ್ಲ ಇದೆ ಎಂದಿದ್ದರು. ಆನೆಯೂ ಇದೆ ಎಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆ.

೧. ಸರಸರ ಸದ್ದು

ಕಾಡುದಾರಿಯಲ್ಲಿ ಮುಂದಿದ್ದ ಅರಣ್ಯ ಇಲಾಖೆಯ ಗಾರ್ಡ್ ತಟ್ಟನೆ ಕೈಯೆತ್ತಿ ನಿಂತ. ಹಿಂದೆಲ್ಲೋ ಸರಸರ ಸದ್ದು. ನನ್ನ ಮಗಳು ನನ್ನ ತೋಳು ಹಿಡಿದುಕೊಂಡಳು. ಸದ್ದು ನಿಂತಿತು, ಮತ್ತೆ ಶುರುವಾಯಿತು. ಗಾರ್ಡ್ ಮೆಲ್ಲಗೆ ಹಿಂದಕ್ಕೆ ಬಂದು ನೋಡಿದರೆ, ಸಾಲಿನ ಕೊನೆಯಲ್ಲಿ ನಮ್ಮ ಮ್ಯಾನೇಜರು ಬಾಳೆಕಾಯಿ ಚಿಪ್ಸಿನ ಪೊಟ್ಟಣದೊಳಗೆ ಕೈ ಹಾಕಿ ನಿಂತಿದ್ದರು. ಇದು ಇನ್ನೆಷ್ಟು ಹೊತ್ತು ಸಾರೇ ಎಂದು ಅವನು ಹಲ್ಲು ಕಚ್ಚಿ ಕೇಳಿದ. ಅರ್ಧ ಪೊಟ್ಟಣ ಇದೆ, ತಗೊಳ್ಳಿ ಎಂದರು.

೨. ಪದ್ಧತಿ

ದಡದಲ್ಲಿ ಇದ್ದದ್ದು ಎರಡೇ ದೋಣಿ. ಒಂದರಲ್ಲಿ ಮ್ಯಾನೇಜರು ನನ್ನ ಮಗಳನ್ನು ಕೂರಿಸಿಕೊಂಡು ಹೊರಡಲಿದ್ದರು. ಇನ್ನೊಂದು ಬೀಗವಿಲ್ಲದೆ ನಿಂತದ್ದು ಅವರಿಗೆ ಸಹಿಸಲಾಗಲಿಲ್ಲ. ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ. ಒಂದು ಅವರದು, ಒಂದು ನನ್ನದು, ಇಬ್ಬರೂ ಬಂದರಷ್ಟೇ ಬಾಗಿಲು ತೆರೆಯುವುದು. ಅದೇ ಪ್ರಕಾರ ದೋಣಿಯನ್ನು ಸರಪಳಿಯಿಂದ ಮರಕ್ಕೆ ಬಿಗಿದು, ಅವರ ಸೂಟ್‌ಕೇಸಿನ ಬೀಗ ಒಂದು, ನನ್ನದೊಂದು ಹಾಕಿದೆವು. ಇಲ್ಲಿ ಯಾರು ಕದಿಯುತ್ತಾರೆ, ಆನೆಯೇ ಎಂದ ಗಾರ್ಡ್. ಪ್ರಶ್ನೆ ಕಳ್ಳನದಲ್ಲ, ಪದ್ಧತಿಯದು ಎಂದು ಮ್ಯಾನೇಜರು ದೋಣಿ ಹತ್ತಿದರು.

೩. ಕೀಲಿ

ಕೆರೆಯ ನಡುವೆ ಗಾಳಿ ಎದ್ದಿತು. ಮ್ಯಾನೇಜರು ಹುಟ್ಟು ಹಾಕಿದಷ್ಟೂ ದೋಣಿ ಆಚೆ ದಡಕ್ಕೇ ಸರಿಯಿತು. ಆ ದಡದಲ್ಲಿ ಮರಿಯೊಂದಿಗೆ ಆನೆಗಳು ನೀರಿಗೆ ಇಳಿಯುತ್ತಿದ್ದವು. ನನಗೆ ಈಜು ಬಾರದು. ಓಡಿ ಹೋಗಿ ನನ್ನ ಬೀಗ ತೆಗೆದೆ. ಇನ್ನೊಂದರ ಕೀಲಿ ಅವರ ಜೇಬಿನಲ್ಲಿ. ಗಾರ್ಡ್ ಬೀಗ ಒಡೆಯಲು ಕಲ್ಲು ಹುಡುಕತೊಡಗಿದ.

"ಸರ್, ಕೀಲಿ ಈ ಕಡೆ ಒಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಕೂಗಿದೆ.

ಅವರು ಜೇಬಿನಿಂದ ಕೀಲಿ ತೆಗೆದರು. ಕೈಯೆತ್ತಿದರು. ಕೈ ಅಲ್ಲೇ ನಿಂತಿತು.

"ಎರಡೂ ಕೀ ಒಬ್ಬರ ಕೈಲಿ ಇರಬಾರದು ಕಣ್ರೀ. ಬೇರೆ ಯಾರನ್ನಾದ್ರೂ ಕಳಿಸಿ, ಅವರಿಗೆ ಕೊಡ್ತೀನಿ."

ಮರಿಯಾನೆ ಸೊಂಡಿಲೆತ್ತಿ ದೋಣಿಯ ಕಡೆ ನೋಡಿತು. ಮನೆಯಲ್ಲಿ ಕನ್ನಡ ಕೇಳಿ ಮಲಯಾಳದಲ್ಲೇ ಉತ್ತರ ಕೊಡುವ ನನ್ನ ಮಗಳು ಅವರ ಕೈಯಿಂದ ಹುಟ್ಟು ಕಿತ್ತುಕೊಂಡು, "ಅಂಕಲ್, ಅನಙ್ಙಾದೆ ಇರಿಕ್ಕ್" ಎಂದು ಗದರಿದಳು. ಮ್ಯಾನೇಜರು ಅಲುಗಾಡದೆ ಕೂತರು. ಅವಳು ದೋಣಿ ತಿರುಗಿಸಿ, ಗಾಳಿಗೆ ಓರೆಯಾಗಿ ಹುಟ್ಟು ಹಾಕುತ್ತಾ, ನನ್ನ ಜೀವ ಬಾಯಿಗೆ ಬರುವಷ್ಟು ನಿಧಾನವಾಗಿ ಈಚೆ ದಡ ಮುಟ್ಟಿಸಿದಳು. ನಾನು ಅವಳನ್ನು ತಬ್ಬಿಕೊಂಡು ಎಲ್ಲರೆದುರೇ ಅತ್ತುಬಿಟ್ಟೆ.

ಮ್ಯಾನೇಜರು ಇಳಿದು, ನೇರ ಮರದ ಹತ್ತಿರ ಹೋಗಿ ಸರಪಳಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನಿಲ್ಲದಾಗ ನಿಮ್ಮ ಬೀಗ ಒಬ್ಬರೇ ತೆಗೆದಿರೇನ್ರೀ?"